ಪೊಟ್ಟಣದ ಹಿಂಬದಿ ಓದುವ ಕ್ರಮ: ದಿನನಿತ್ಯದ ಅಡುಗೆಮನೆಗೊಂದು ಕೈಪಿಡಿ

ನಮ್ಮ ಅತ್ತೆಯವರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾಗಿ ಹನ್ನೊಂದು ವರ್ಷಗಳಾದವು. ಅಂದಿನಿಂದ ಅವರು ಕಾಫಿಗೆ ಸಕ್ಕರೆ ಹಾಕಿಸಿಕೊಂಡವರಲ್ಲ; ಹಬ್ಬದ ದಿನವೂ ಅರ್ಧ ಹೋಳಿಗೆಗೇ ಎಲೆ ಬಿಟ್ಟು ಏಳುತ್ತಾರೆ. ಆದರೂ ಮೂರು ತಿಂಗಳ ಸರಾಸರಿ ತೋರಿಸುವ ರಕ್ತಪರೀಕ್ಷೆಯ ಅಂಕಿ ಇಳಿಯಲೇ ಇಲ್ಲ. ಒಂದು ಸಂಜೆ ಅವರ ಪಕ್ಕದಲ್ಲೇ ಕುಳಿತು ನೋಡಿದಾಗ, ಆ ಸಕ್ಕರೆಯಿಲ್ಲದ ಕಾಫಿಯ ಜೊತೆಗೆ ಬೆಳಿಗ್ಗೆ ಮೂರು, ಸಂಜೆ ನಾಲ್ಕು ‘ಸಕ್ಕರೆರಹಿತ’ ಬಿಸ್ಕತ್ತುಗಳು ಹೋಗುತ್ತಿದ್ದುದು ಕಂಡಿತು. “ಇದರಲ್ಲಿ ಸಕ್ಕರೆ ಇಲ್ಲ ಅಂತ ಮೇಲೆಯೇ ಬರೆದಿದೆಯಲ್ಲಮ್ಮ” ಎಂದರು. ಬರೆದದ್ದು ಸುಳ್ಳಲ್ಲ. ಆದರೆ ಪೊಟ್ಟಣವನ್ನು ತಿರುಗಿಸಿ, ಅವರು ಪಂಚಾಂಗ ಓದಲು ಇಟ್ಟುಕೊಂಡಿದ್ದ ಭೂತಗನ್ನಡಿಯನ್ನೇ ಹಿಡಿದು ಓದಿದರೆ ಮೊದಲ ಹೆಸರು ಮೈದಾ, ಎರಡನೆಯದು ತಾಳೆ ಎಣ್ಣೆ, ಮೂರನೆಯದು ಮಾಲ್ಟೊಡೆಕ್ಸ್‌ಟ್ರಿನ್. ಮಾಲ್ಟೊಡೆಕ್ಸ್‌ಟ್ರಿನ್ ಎಂದರೆ ಪಿಷ್ಟವನ್ನು ಒಡೆದು ಮಾಡಿದ ಪುಡಿ. ಲೇಬಲ್ಲಿನ ಲೆಕ್ಕದಲ್ಲಿ ಅದು ಸಕ್ಕರೆಯಲ್ಲ, ಆದರೆ ಹೊಟ್ಟೆಗೆ ಹೋದ ಮೇಲೆ ಬಹುಬೇಗ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯ ಅಂದಾಜಿನಂತೆ ನಮ್ಮಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ. ಅದರ ಅಂಚಿನಲ್ಲಿರುವವರು ಇನ್ನೂ ಹೆಚ್ಚು, ಸುಮಾರು 13 ಕೋಟಿಗೂ ಮೇಲೆ. ಇಂಥ ಮನೆಗಳಲ್ಲಿ ಹಬ್ಬದ ಹೋಳಿಗೆಯ ಮೇಲೆ ಇರುವ ಕಣ್ಣು ದಿನಾ ತಿನ್ನುವ ಬಿಸ್ಕತ್ತಿನ ಮೇಲೆ ಇರುವುದಿಲ್ಲ. ವರ್ಷಕ್ಕೆ ನಾಲ್ಕು ಸಲ ತಿನ್ನುವುದಕ್ಕಿಂತ ದಿನಕ್ಕೆರಡು ಸಲ ತಿನ್ನುವುದೇ ಆರೋಗ್ಯವನ್ನು ನಿರ್ಧರಿಸುತ್ತದೆ ಎಂಬುದನ್ನು ನಾನು ನನ್ನ ಅಡುಗೆಮನೆಯಲ್ಲೇ ಕಲಿತೆ. ಹಾಗಾಗಿ ಏನನ್ನಾದರೂ ಬಿಡುವ ಮೊದಲು, ದಿನವೂ ಒಳಗೆ ಬರುತ್ತಿರುವುದು ಏನೆಂದು ತಿಳಿಯುವುದರಿಂದ ಆರಂಭಿಸಬೇಕು.

ಮೊದಲ ವಾರ ಊಟದಲ್ಲಿ ಯಾವ ಬದಲಾವಣೆಯನ್ನೂ ಮಾಡಬೇಡಿ. ಕ್ಯಾಲೆಂಡರಿನ ಪಕ್ಕದಲ್ಲಿ ಒಂದು ಹಾಳೆ ತೂಗುಹಾಕಿ, ಪೊಟ್ಟಣ, ಬಾಟಲಿ ಅಥವಾ ಬೇಕರಿಯ ಕವರಿನಿಂದ ಬಂದು ಬಾಯಿಗೆ ಹೋದ ಪ್ರತಿಯೊಂದಕ್ಕೂ ಒಂದು ಗೀಟು ಎಳೆಯಿರಿ. ಬಿಸ್ಕತ್ತು, ರಸ್ಕು, ಬ್ರೆಡ್ಡು, ಜಾಮು, ಸಾಸು, ನೂಡಲ್ಸು, ಚಿಪ್ಸು, ಹಾಲಿಗೆ ಬೆರೆಸುವ ಪುಡಿ, ಜ್ಯೂಸು ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ. ವಾರದ ಕೊನೆಯಲ್ಲಿ ಯಾವುದರ ಮುಂದೆ ಐದಕ್ಕಿಂತ ಹೆಚ್ಚು ಗೀಟುಗಳಿವೆಯೋ ಅವು ಮಾತ್ರ ನಿಮ್ಮ ಕೆಲಸ. ಒಂದೇ ಒಂದು ಗೀಟು ಇರುವುದನ್ನು ನೆಮ್ಮದಿಯಾಗಿ ಬಿಟ್ಟುಬಿಡಿ.

ಎರಡನೆಯ ವಾರ ಆ ಪದಾರ್ಥಗಳ ಪೊಟ್ಟಣಗಳನ್ನು ತಿರುಗಿಸಿ ಓದಿ. ನಮ್ಮ ದೇಶದ ನಿಯಮದ ಪ್ರಕಾರ ಲೇಬಲ್ಲಿನ ವಿವರಗಳು ಇಂಗ್ಲಿಷಿನಲ್ಲೋ ದೇವನಾಗರಿ ಲಿಪಿಯ ಹಿಂದಿಯಲ್ಲೋ ಇದ್ದರೆ ಸಾಕು, ಕನ್ನಡ ಕಡ್ಡಾಯವಲ್ಲ. ಜೀವಮಾನವೆಲ್ಲ ಮನೆಮಂದಿಗೆ ಬಡಿಸಿದ ಹೆಂಗಸಿಗೆ ತಾನು ಬಡಿಸುತ್ತಿರುವುದು ಏನೆಂದು ಓದಲಾಗದ ಸ್ಥಿತಿ ನನಗೆ ತುಂಬ ನೋವು ಕೊಡುತ್ತದೆ. ಅದು ಬದಲಾಗುವವರೆಗೆ ಮನೆಯ ಮಕ್ಕಳು ಒಮ್ಮೆ ಕುಳಿತು ಓದಿ, ಮುಖ್ಯವಾದ ಹೆಸರುಗಳನ್ನು ಕನ್ನಡದಲ್ಲಿ ಬರೆದು ಕಪಾಟಿನ ಬಾಗಿಲಿಗೆ ಅಂಟಿಸಬೇಕು.

ಓದುವಾಗ ನೆನಪಿಡಬೇಕಾದ ಮೊದಲ ಸಂಗತಿ, ಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ ಎಂಬುದು. ಮೊದಲನೆಯದು ಅತಿ ಹೆಚ್ಚು, ಕೊನೆಯದು ಅತಿ ಕಡಿಮೆ. ಆದ್ದರಿಂದ ಮೊದಲ ಮೂರು ಹೆಸರುಗಳನ್ನು ಓದಿದರೆ ಆ ತಿಂಡಿ ನಿಜವಾಗಿ ಏನೆಂಬುದು ಬಹುಪಾಲು ತಿಳಿಯುತ್ತದೆ. ಎದುರುಬದಿಯಲ್ಲಿ ರಾಗಿಯ ತೆನೆಯ ಚಿತ್ರವಿದ್ದರೂ ಹಿಂಬದಿಯಲ್ಲಿ ಮೈದಾ, ಸಕ್ಕರೆ, ತಾಳೆ ಎಣ್ಣೆ ಎಂಬ ಮೂರು ಹೆಸರುಗಳು ದಾಟಿದ ಮೇಲೆ ರಾಗಿ ಬರುವುದುಂಟು. ಹೀಗೆ ಎತ್ತಿ ತೋರಿಸಿದ ಪದಾರ್ಥದ ಪಕ್ಕದಲ್ಲಿ ಅದು ಶೇಕಡಾ ಎಷ್ಟಿದೆ ಎಂಬುದನ್ನೂ ನಮೂದಿಸಬೇಕಾಗುತ್ತದೆ. ಅದನ್ನು ಹುಡುಕಿ ನೋಡಿ. ಶೇಕಡಾ ಎಂಟು ಹತ್ತು ಎಂದಿದ್ದರೆ ಅದು ರಾಗಿಯ ಹೆಸರು ಹೊತ್ತ ಮೈದಾ ಬಿಸ್ಕತ್ತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ ಎಂಬ ಮಾತು ನಿಜ, ಆದರೆ ಅದು ಮುದ್ದೆಯಲ್ಲಿ ಸಿಗುವಷ್ಟು ಆ ಬಿಸ್ಕತ್ತಿನಲ್ಲಿ ಸಿಗುವುದಿಲ್ಲ. ಗೋಧಿ ಬ್ರೆಡ್ಡಿನ ಕಥೆಯೂ ಅನೇಕ ಸಲ ಇದೇ. ಕಂದು ಬಣ್ಣ ಗೋಧಿಯ ಹೊಟ್ಟಿನಿಂದಲೇ ಬಂದಿರಬೇಕೆಂದಿಲ್ಲ, 150 ಎಂಬ ಸಂಖ್ಯೆಯ ಕ್ಯಾರಮೆಲ್ ಬಣ್ಣದಿಂದಲೂ ಬಂದಿರಬಹುದು.

ಎರಡನೆಯ ಸಂಗತಿ, ಸಕ್ಕರೆಗೆ ಅನೇಕ ಹೆಸರುಗಳಿವೆ. ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್, ಡೆಕ್ಸ್‌ಟ್ರೋಸ್, ಫ್ರಕ್ಟೋಸ್, ಮಾಲ್ಟ್ ಎಕ್ಸ್‌ಟ್ರ್ಯಾಕ್ಟ್, ಕಾರ್ನ್ ಸಿರಪ್ ಎಲ್ಲವೂ ಅದೇ ಕುಟುಂಬಕ್ಕೆ ಸೇರಿದವು. ಒಂದೇ ಸಕ್ಕರೆಯನ್ನು ಮೂರು ಹೆಸರುಗಳಲ್ಲಿ ಹಂಚಿದರೆ ಪ್ರತಿಯೊಂದೂ ಪಟ್ಟಿಯಲ್ಲಿ ಕೆಳಗಿಳಿಯುತ್ತದೆ, ಓದುವವರಿಗೆ ಸಕ್ಕರೆ ಕಡಿಮೆಯಿದೆ ಎನ್ನಿಸುತ್ತದೆ. ಬೆಲ್ಲ ಮತ್ತು ಜೇನುತುಪ್ಪದ ವಿಷಯದಲ್ಲಿಯೂ ಮೋಸಹೋಗಬಾರದು. ಬೆಲ್ಲದ ರುಚಿ, ಪರಿಮಳ ಬೇರೆ, ನನಗೂ ಪಾಯಸಕ್ಕೆ ಬೆಲ್ಲವೇ ಬೇಕು. ಆದರೆ ಅದರ ಬಹುಪಾಲು ಸುಕ್ರೋಸ್ ಆದ್ದರಿಂದ ಸಕ್ಕರೆ ಕಾಯಿಲೆಯವರ ದೇಹಕ್ಕೆ ಅದು ಸಕ್ಕರೆಯೇ.

ಇನ್ನು ಸಂಖ್ಯೆಗಳು. ಪಟ್ಟಿಯ ಕೊನೆಯಲ್ಲಿ 322, 330, 500, 621, 211 ಎಂಬಂಥ ಅಂಕಿಗಳನ್ನು ಕಂಡು ಅನೇಕರು ಹೆದರುತ್ತಾರೆ. ಎಲ್ಲವೂ ವಿಷವಲ್ಲ. 330 ಎಂದರೆ ನಿಂಬೆಹಣ್ಣಿನಲ್ಲಿರುವ ಸಿಟ್ರಿಕ್ ಆಮ್ಲ, 500 ಎಂದರೆ ನಮ್ಮ ಅಡುಗೆ ಸೋಡಾದ ವರ್ಗ, 322 ಸಾಮಾನ್ಯವಾಗಿ ಸೋಯಾದಿಂದ ತೆಗೆದ ಲೆಸಿಥಿನ್. 211 ಸೋಡಿಯಂ ಬೆಂಜೊಯೇಟ್ ಎಂಬ ಸಂರಕ್ಷಕ. 621, 627, 631, 635 ರುಚಿ ಏರಿಸುವವು. 102 ಮತ್ತು 110 ಹಳದಿ, ಕಿತ್ತಳೆ ಬಣ್ಣಗಳು. ಒಂದೊಂದು ಸಂಖ್ಯೆಯನ್ನೂ ಬೆನ್ನಟ್ಟುವ ಬದಲು, ಈ ಪಟ್ಟಿಯಲ್ಲಿ ನನ್ನ ಅಡುಗೆಮನೆಯಲ್ಲಿ ಇಲ್ಲದ ಪದಾರ್ಥಗಳು ಎಷ್ಟಿವೆ ಎಂದು ಕೇಳಿಕೊಳ್ಳುವುದು ಹೆಚ್ಚು ಉಪಯುಕ್ತ. ಬ್ರೆಜಿಲ್‌ನ ಸಾವ್ ಪಾವ್ಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮೊಂಟೇರೊ ಮತ್ತು ಅವರ ತಂಡ ಆಹಾರವನ್ನು ಸಂಸ್ಕರಣೆಯ ಮಟ್ಟಕ್ಕೆ ತಕ್ಕಂತೆ ನಾಲ್ಕು ಗುಂಪುಗಳಾಗಿ ವಿಂಗಡಿಸಿದಾಗ, ಅತಿಯಾಗಿ ಸಂಸ್ಕರಿಸಿದ ಆಹಾರವೆಂಬ ಕೊನೆಯ ಗುಂಪನ್ನು ಗುರುತಿಸಲು ಬಳಸಿದ ಲಕ್ಷಣಗಳಲ್ಲಿ ಇದೂ ಒಂದು. ಆ ಲೆಕ್ಕದಲ್ಲಿ ಅವಲಕ್ಕಿ, ರವೆ, ಮೊಸರು, ಗಾಣದ ಎಣ್ಣೆಗಳೂ ಸಂಸ್ಕರಿಸಿದವೇ ಆದರೂ ಅವುಗಳ ಬಗ್ಗೆ ಆತಂಕಪಡಬೇಕಾಗಿಲ್ಲ. ಕಾಳನ್ನು ಪಿಷ್ಟ, ಎಣ್ಣೆ, ಪ್ರೋಟೀನು ಎಂದು ಬಿಡಿಸಿ, ಬಣ್ಣ ಮತ್ತು ಪರಿಮಳ ಸೇರಿಸಿ ಮತ್ತೆ ಜೋಡಿಸಿದ ತಿಂಡಿಯೇ ಎಚ್ಚರಿಕೆ ಬೇಡುವಂಥದ್ದು.

ಇದರಿಂದ ಆಗುವುದೇನು ಎಂಬುದಕ್ಕೆ 2019ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ನೋಡಬಹುದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು 20 ಜನರನ್ನು ಅಲ್ಲೇ ಇರಿಸಿಕೊಂಡು, ಎರಡು ವಾರ ಅತಿಯಾಗಿ ಸಂಸ್ಕರಿಸಿದ ಆಹಾರ, ಎರಡು ವಾರ ಸಹಜ ಆಹಾರ ಕೊಟ್ಟು, ಎಷ್ಟು ಬೇಕೋ ಅಷ್ಟು ತಿನ್ನಲು ಬಿಟ್ಟರು. ಬಡಿಸಿದ ಊಟಗಳಲ್ಲಿ ಸಕ್ಕರೆ, ಉಪ್ಪು, ಕೊಬ್ಬು, ನಾರು ಸರಿಸಮವಾಗಿರುವಂತೆ ನೋಡಿಕೊಂಡಿದ್ದರೂ, ಸಂಸ್ಕರಿಸಿದ ಆಹಾರದ ಅವಧಿಯಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಬೇಗಬೇಗನೆ ತಿಂದರು, ಸರಾಸರಿ 0.9 ಕಿಲೋ ತೂಕ ಏರಿಸಿಕೊಂಡರು. ಆದ್ದರಿಂದ ಚಿಪ್ಸಿನ ಪೊಟ್ಟಣ ಖಾಲಿಯಾಗುವವರೆಗೆ ಕೈ ನಿಲ್ಲದಿದ್ದರೆ ಮಕ್ಕಳನ್ನು ಹೊಟ್ಟೆಬಾಕರೆಂದು ಬೈಯುವುದು ಅನ್ಯಾಯ. ತಿಂಡಿಯ ಗುಣವೇ ಹಾಗಿದೆ.

ಪಟ್ಟಿ ಓದಿದ ಮೇಲೆ ಪೋಷಕಾಂಶಗಳ ಚೌಕಕ್ಕೆ ಬನ್ನಿ. ‘ಒಂದು ಸರ್ವಿಂಗ್’ ಎಂಬ ಸಾಲನ್ನು ಬಿಟ್ಟು 100 ಗ್ರಾಂ ಅಥವಾ 100 ಮಿಲಿಲೀಟರಿಗೆ ಎಷ್ಟೆಂಬ ಸಾಲನ್ನೇ ಓದಿ, ಏಕೆಂದರೆ ನಾವು ಪೊಟ್ಟಣವಿಡೀ ತಿನ್ನುತ್ತೇವೆಯೇ ಹೊರತು ಅವರು ಬರೆದ ಮೂವತ್ತು ಗ್ರಾಂ ಮಾತ್ರ ಅಲ್ಲ. ತಂಪು ಪಾನೀಯದಲ್ಲಿ 100 ಮಿಲಿಲೀಟರಿಗೆ ಹತ್ತು ಹನ್ನೊಂದು ಗ್ರಾಂ ಸಕ್ಕರೆ ಇರುವುದು ಸಾಮಾನ್ಯ. 250 ಮಿಲಿಲೀಟರಿನ ಒಂದು ಬಾಟಲಿ ಕುಡಿದರೆ ಇಪ್ಪತ್ತೈದು ಗ್ರಾಂ ಮುಗಿಯಿತು, ಎಂದರೆ ಸುಮಾರು ಐದಾರು ಚಮಚ. ವಿಶ್ವ ಆರೋಗ್ಯ ಸಂಸ್ಥೆ ಹೊರಗಿನಿಂದ ಸೇರುವ ಸಕ್ಕರೆಯನ್ನು ಸಾಧ್ಯವಾದರೆ ದಿನದ ಶಕ್ತಿಯ ಶೇಕಡಾ 5ರೊಳಗೆ ಇಡಬೇಕೆನ್ನುತ್ತದೆ. 2000 ಕ್ಯಾಲೊರಿಯ ಊಟಕ್ಕೆ ಅದು 25 ಗ್ರಾಂ. ಸೋಡಿಯಂ ಇದ್ದರೆ ಆ ಅಂಕಿಯನ್ನು ಎರಡೂವರೆಯಿಂದ ಗುಣಿಸಿ, ಉಪ್ಪಿನ ತೂಕ ಸಿಗುತ್ತದೆ: 800 ಮಿಲಿಗ್ರಾಂ ಸೋಡಿಯಂ ಎಂದರೆ 2 ಗ್ರಾಂ ಉಪ್ಪು. ದಿನಕ್ಕೆ ಒಬ್ಬರಿಗೆ ಎಲ್ಲ ಸೇರಿ 5 ಗ್ರಾಂ ಮೀರಬಾರದು. ಟ್ರಾನ್ಸ್ ಕೊಬ್ಬಿನ ಸಾಲನ್ನೂ ಬಿಡಬೇಡಿ. 2022ರ ಜನವರಿಯಿಂದ ಎಣ್ಣೆ ಮತ್ತು ಕೊಬ್ಬಿನಲ್ಲಿ ಅದು ಶೇಕಡಾ 2ನ್ನು ಮೀರುವಂತಿಲ್ಲ ಎಂಬ ನಿಯಮವಿದ್ದರೂ ಲೇಬಲ್ಲೇ ಇಲ್ಲದ ಬಿಡಿ ತಿಂಡಿಗಳಿಗೆ ಕಾವಲು ನಾವೇ.

ಪೊಟ್ಟಣದ ಜೊತೆಗೆ ಮನೆಯ ಡಬ್ಬಿಗಳ ಲೆಕ್ಕವನ್ನೂ ಮಾಡಬೇಕು, ಇದಕ್ಕೆ ತಕ್ಕಡಿ ಬೇಡ. ನಾಲ್ವರ ಮನೆಯಲ್ಲಿ ತಲೆಗೆ 5 ಗ್ರಾಂ ಎಂದರೆ ದಿನಕ್ಕೆ 20 ಗ್ರಾಂ ಉಪ್ಪು, ಆದ್ದರಿಂದ ಒಂದು ಕಿಲೋ ಪೊಟ್ಟಣ ಐವತ್ತು ದಿನ ಬರಬೇಕು. ಒಡೆದ ದಿನವನ್ನು ಪೊಟ್ಟಣದ ಮೇಲೆಯೇ ಬರೆದಿಡಿ. ನಮ್ಮಲ್ಲಿ ಅದು ಮೂವತ್ತೊಂದನೆಯ ದಿನಕ್ಕೆ ಖಾಲಿಯಾಯಿತು, ಅದೂ ಹೊರಗಿನ ತಿಂಡಿಯ ಉಪ್ಪನ್ನು ಸೇರಿಸದೆ. ಹುಡುಕಿದರೆ ಕಾರಣ ಅಂಗಡಿಯ ತಿಂಡಿಯೊಂದೇ ಆಗಿರಲಿಲ್ಲ: ಅನ್ನಕ್ಕೆ ಹಾಕುವ ಉಪ್ಪು, ಎರಡು ಹೊತ್ತಿನ ಉಪ್ಪಿನಕಾಯಿ, ದಿನವೂ ಕರಿಯುತ್ತಿದ್ದ ಹಪ್ಪಳ. ಮನೆಯಲ್ಲೇ ಮಾಡಿದ್ದೆಂಬ ಕಾರಣಕ್ಕೆ ಉಪ್ಪು ಉಪ್ಪಾಗದೆ ಇರುವುದಿಲ್ಲ. ಎಣ್ಣೆಗೆ ತಲೆಗೆ ತಿಂಗಳಿಗೆ ಅರ್ಧ ಲೀಟರು ಎಂಬ ಅಳತೆ ಇಟ್ಟುಕೊಳ್ಳಬಹುದು. ಕರಿದು ಉಳಿದ ಎಣ್ಣೆಯನ್ನು ಒಗ್ಗರಣೆಗೆ ಒಂದೆರಡು ದಿನಗಳಲ್ಲಿ ಮುಗಿಸಿ. ಮತ್ತೆ ಮತ್ತೆ ಕಾಯಿಸಿ ಕಪ್ಪಾದ, ನೊರೆ ಬರುವ ಎಣ್ಣೆಯಲ್ಲಿ ಕರಿಯಬೇಡಿ.

ಮೂರನೆಯ ವಾರದಿಂದ ಬದಲಾವಣೆ, ಅದೂ ಒಂದೊಂದಾಗಿ. ಹೆಚ್ಚು ಗೀಟು ಬಿದ್ದ ಪದಾರ್ಥವನ್ನು ತೆಗೆಯುವ ಮುಂಚೆ ಅದರ ಜಾಗಕ್ಕೆ ಬರುವುದು ಡಬ್ಬಿಯಲ್ಲಿ ಸಿದ್ಧವಾಗಿರಬೇಕು, ಇಲ್ಲದಿದ್ದರೆ ನಾಲ್ಕು ಗಂಟೆಯ ಹಸಿವು ಮತ್ತೆ ಅಂಗಡಿಗೇ ಕಳಿಸುತ್ತದೆ. ಪೊಟ್ಟಣ ಗೆಲ್ಲುವುದು ರುಚಿಯಿಂದಲ್ಲ, ಕೈಗೆ ಸಿಗುವಂತೆ ಸಿದ್ಧವಿರುವುದರಿಂದ. ಭಾನುವಾರ ಒಂದು ಗಂಟೆ ಮೀಸಲಿಟ್ಟು ಕಡಲೆಬೀಜ ಹುರಿದು, ಮಂಡಕ್ಕಿಗೆ ಸ್ವಲ್ಪವೇ ಎಣ್ಣೆಯಲ್ಲಿ ಕರಿಬೇವು, ಹುರಿಗಡಲೆ, ಅರಿಶಿನದ ಒಗ್ಗರಣೆ ಕೊಟ್ಟು ಬಿಗಿ ಮುಚ್ಚಳದ ಡಬ್ಬಿಗೆ ತುಂಬಿಡಿ. ಹೆಸರುಕಾಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಬಟ್ಟೆಯಲ್ಲಿ ಕಟ್ಟಿದರೆ ಮರುದಿನ ಸಂಜೆಯ ಹೊತ್ತಿಗೆ ಮೊಳಕೆ ಬಂದಿರುತ್ತದೆ. ಸೌತೆಕಾಯಿ, ತೆಂಗಿನತುರಿ, ನಿಂಬೆರಸ ಸೇರಿಸಿದರೆ ಕೋಸಂಬರಿ. ಪೆಟ್ಟಿಗೆಯ ಜ್ಯೂಸಿನ ಬದಲು ಹಣ್ಣನ್ನೇ ಕೊಡಿ. ‘ನೂರಕ್ಕೆ ನೂರು ಹಣ್ಣಿನ ರಸ’ ಎಂಬ ಬರಹವನ್ನು ಲೇಬಲ್ಲಿನಿಂದಲೂ ಜಾಹೀರಾತಿನಿಂದಲೂ ತೆಗೆಯುವಂತೆ ಆಹಾರ ಸುರಕ್ಷತಾ ಪ್ರಾಧಿಕಾರವೇ 2024ರ ಜೂನ್‌ನಲ್ಲಿ ಸೂಚಿಸಿತ್ತು.

ಹೊರಗೆ ತಿನ್ನುವಾಗ ಲೇಬಲ್ಲು ಇರುವುದಿಲ್ಲ, ಕಣ್ಣೇ ಲೇಬಲ್ಲು. ರೋಡಮಿನ್-ಬಿ ಎಂಬ ಬಟ್ಟೆಗೆ ಹಾಕುವ ಬಣ್ಣ ಬಾಂಬೆ ಮಿಠಾಯಿಯಲ್ಲಿ ಪತ್ತೆಯಾದ ಮೇಲೆ, 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಅದರಲ್ಲಿಯೂ ಗೋಬಿ ಮಂಚೂರಿಯಲ್ಲಿಯೂ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಹೂಕೋಸಿಗೆ ಕೆಂಡದಂಥ ಕೆಂಪು ಸಹಜವಾಗಿ ಬರುವುದಿಲ್ಲ. ಬೆರಳಿಗೆ, ಕಾಗದಕ್ಕೆ ಬಣ್ಣ ಅಂಟಿದರೆ ಆ ತಟ್ಟೆಯನ್ನು ಮಕ್ಕಳ ಮುಂದಿನಿಂದ ತೆಗೆದುಬಿಡಿ.

ಔಷಧ ತೆಗೆದುಕೊಳ್ಳುವವರು ಮನೆಯಲ್ಲಿದ್ದರೆ ಇನ್ನೆರಡು ಎಚ್ಚರಿಕೆಗಳು ಬೇಕು. ಸೋಡಿಯಂ ಕಡಿಮೆಯಿರುವ ಉಪ್ಪಿನಲ್ಲಿ ಅದರ ಬದಲು ಪೊಟ್ಯಾಸಿಯಂ ಇರುತ್ತದೆ, ಮೂತ್ರಪಿಂಡದ ತೊಂದರೆಯಿರುವವರು ಮತ್ತು ರಕ್ತದೊತ್ತಡದ ಕೆಲವು ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ದಿನವೂ ತಿನ್ನುತ್ತಿದ್ದುದನ್ನು ಒಮ್ಮೆಲೇ ನಿಲ್ಲಿಸಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಅತ್ತೆಯವರ ಬಿಸ್ಕತ್ತನ್ನು ನಾವು ಏಳರಿಂದ ಐದಕ್ಕೆ, ಆಮೇಲೆ ಮೂರಕ್ಕೆ ಇಳಿಸಿದ್ದು ವೈದ್ಯರಿಗೆ ತಿಳಿಸಿ, ಬೆಳಗಿನ ರಕ್ತಪರೀಕ್ಷೆಯ ಅಂಕಿಯನ್ನು ಅದೇ ಕ್ಯಾಲೆಂಡರಿನ ಹಾಳೆಯಲ್ಲಿ ಗೀಟುಗಳ ಪಕ್ಕ ಬರೆಯುತ್ತ. ಈಗ ಸಂಜೆಯ ಕಾಫಿಗೆ ಒಂದು ಹಿಡಿ ಹುರಿದ ಕಡಲೆ, ಬೆಳಗಿನ ಕಾಫಿಗೆ ಒಂದೇ ಬಿಸ್ಕತ್ತು. ಆ ಒಂದನ್ನು ಅವರು ಬಿಟ್ಟಿಲ್ಲ, ನಾನೂ ಬಿಡಿ ಎಂದು ಹೇಳಿಲ್ಲ.