ಸೊಂಟದಲ್ಲಿ ಪಿಸ್ತೂಲು ಇದ್ರೆ ಬಾಯಿ ಕಮ್ಮಿ ಇರ್ಲಿ: ಟೆಕ್ಸಾಸಿಗೆ ಹೊರಟ ಊರಿನವರಿಗೆ

ಟೆಕ್ಸಾಸಿನ ಡಲ್ಲಾಸಿಂದ ರಜೆಯಲ್ಲಿ ಕಾಸರಗೋಡಿನ ಪೆರ್ಲದ ಮನೆಗೆ ಬಂದಿದ್ದೇನೆ, ಬಂದ ಎರಡನೇ ದಿನವೇ ನೆರೆಮನೆ ಹುಡುಗ ಅಂಗಳದಲ್ಲಿ ಅಡಿಕೆ ಹರಡ್ತಾ ಕೇಳಿದ, "ಅಣ್ಣಾ, ಡಲ್ಲಾಸಿಗೆ ಬಂದ ಮೇಲೆ ನಾನೂ ಒಂದು ಪಿಸ್ತೂಲು ಇಟ್ಕೊಳ್ಬಹುದಾ, ಅಲ್ಲಿ ಲೈಸನ್ಸೇ ಬೇಡ ಅಂತೆ ಅಲ್ದಾ?" ಬದಿಯಡ್ಕ, ನೀರ್ಚಾಲಿನ ಹುಡುಗರೂ ಇದನ್ನೇ ಕೇಳುದು, ಹಾಗಾಗಿ ಒಮ್ಮೆ ಬರೆದೇ ಬಿಡ್ತೇನೆ.

ನಿನಗೆ ಆಗುದಿಲ್ಲ ಮಾರಾಯ ಅಂದೆ ಅವನಿಗೆ. 2021 ಸೆಪ್ಟೆಂಬರ್ 1ರಿಂದ ಟೆಕ್ಸಾಸಲ್ಲಿ 21 ವರ್ಷ ಆದವರು ಲೈಸನ್ಸ್ ಇಲ್ಲದೆಯೂ ಹ್ಯಾಂಡ್‌ಗನ್ ಇಟ್ಕೊಂಡು ತಿರುಗಬಹುದು ಹೌದು, ಆದ್ರೆ ಅದು ಬೇರೆ ಕಾನೂನಿನ ಅಡ್ಡಿ ಇಲ್ಲದವರಿಗೆ. ಎಚ್-1ಬಿ (ಕೆಲಸದ್ದು), ಎಫ್-1 (ಓದಿನದ್ದು) ವೀಸಾದವರಿಗೆ ಫೆಡರಲ್ ಕಾನೂನೇ, ಅಂದ್ರೆ ಇಡೀ ಅಮೆರಿಕದ ಕಾನೂನೇ ಅಡ್ಡ. ಹಂಟಿಂಗ್ ಲೈಸನ್ಸ್ ಇದ್ರೆ ಅಂತ ಒಂದೆರಡು ವಿನಾಯಿತಿ ಉಂಟು, ಅದನ್ನು ವಕೀಲರ ಹತ್ರ ಕೇಳದೆ ನಂಬಿ ಹೊರಡ್ಬೇಡಿ. ಗೆಳೆಯನದ್ದನ್ನು ಹಿಡ್ಕೊಂಡು ಒಂದು ಫೋಟೋ ತೆಗೀತೇನೆ ಅನ್ನುದೂ ಬೇಡ. ಇನ್ನು ಮುಂದೆ ಹೇಳುದೆಲ್ಲ ಗ್ರೀನ್ ಕಾರ್ಡ್ ಆದವರಿಗೆ, ಸಿಟಿಜನ್ ಆದವರಿಗೆ. ಗ್ರೀನ್ ಕಾರ್ಡಿನವರಂತೂ ನೆನಪಿಡಿ, ಕೋವಿ ಕೇಸಲ್ಲಿ ಶಿಕ್ಷೆ ಆದ್ರೆ ದೇಶ ಬಿಟ್ಟು ಕಳಿಸುವವರೆಗೂ ಹೋಗ್ತದೆ.

ನಮ್ಮಲ್ಲಿ ಕೋವಿ ಅಂದ್ರೆ ಕಾಡುಹಂದಿಗೆ, ಎಲೆಕ್ಷನ್ ಬಂದಾಗ ಸ್ಟೇಷನಿಗೆ ಕೊಟ್ಟು ಬರ್ಬೇಕು, ಯಾರ ಮನೆಯಲ್ಲಿ ಉಂಟು ಅಂತ ಊರಿಗೇ ಗೊತ್ತು. ಅಲ್ಲಿ ಅಡಗಿಸಿ ಇಟ್ಕೊಂಡದ್ದು ಕಂಡ್ರೆ ಗಡಿಬಿಡಿ. ನನಗೇ ಆದದ್ದು ಕೇಳಿ. ಒಂದು ಅಂಗಡಿಯಲ್ಲಿ ಕೆಳಗಿನ ಶೆಲ್ಫಿಂದ ಅಕ್ಕಿ ಚೀಲ ಎತ್ಲಿಕ್ಕೆ ಬಗ್ಗಿದೆ, ಅಂಗಿ ಮೇಲೆ ಹೋಯ್ತು, ಸೊಂಟದ ಪಿಸ್ತೂಲನ್ನು ಹಿಂದೆ ಇದ್ದ ಒಬ್ರು ಅಜ್ಜಿ ನೋಡಿದ್ರು, ಅವರು ನೋಡಿದ್ದು ನಾನೂ ನೋಡಿದೆ, ತಕ್ಷಣ ಅಂಗಿ ಎಳೀಲಿಕ್ಕೆ ಕೈ ಸೊಂಟಕ್ಕೆ ಹೋಯ್ತು. ಅಲ್ಲೇ ತಪ್ಪಿದ್ದು. ಅಜ್ಜಿಗೆ ಕಂಡದ್ದು ಪಿಸ್ತೂಲು ತೆಗೀಲಿಕ್ಕೆ ಹೋದ ಕೈ, ಕೂಗಿದ್ರು. "ಹಾಗಲ್ಲಮ್ಮ" ಅಂತ ವಿವರಿಸ್ಲಿಕ್ಕೆ ಎರಡು ಹೆಜ್ಜೆ ಅವರ ಹತ್ರ ಹೋದೆ ನೋಡಿ, ಅದು ಇನ್ನೂ ದೊಡ್ಡ ತಪ್ಪು. ಮ್ಯಾನೇಜರ್ ಬಂದು ಹೊರಗೆ ಹೋಗಿ ಅಂದ. ಲೈಸನ್ಸ್ ಉಂಟು, ಬೋರ್ಡ್ ಇಲ್ಲ, ನಾನ್ಯಾಕೆ ಹೋಗ್ಬೇಕು ಅಂತ ನಾಲಿಗೆ ತುದಿಗೆ ಬಂದಿತ್ತು, ಹೇಳದೆ ಸಾಮಾನು ತುಂಬಿಸುವ ಗಾಡಿ ಅಲ್ಲೇ ಬಿಟ್ಟು ಬಂದದ್ದು ನನ್ನ ಪುಣ್ಯ. ಬಾಯಲ್ಲಿ ಹೋಗಿ ಅಂದ ಮೇಲೂ ಪಿಸ್ತೂಲು ಇಟ್ಕೊಂಡು ನಿಂತ್ರೆ ಅದು ಟ್ರೆಸ್‌ಪಾಸ್ (ಅತಿಕ್ರಮ ಪ್ರವೇಶ), ಕ್ಲಾಸ್ ಎ ಕೇಸು, ಅಂದ್ರೆ ಸಣ್ಣ ಅಪರಾಧಗಳಲ್ಲಿ ದೊಡ್ಡದು, ಜೈಲಿಗೂ ಹೋಗ್ಬಹುದು.

ಹಾಗಾಗಿ ಯಾರಾದ್ರೂ ಕಂಡ್ರೆ ಕೈ ಸೊಂಟದ ಹತ್ರ ಹೋಗ್ಲೇಬಾರ್ದು. ಅಂಗೈ ಕಾಣುವ ಹಾಗೆ ಎದುರು ಇಟ್ಕೊಂಡು, ಆ ಬದಿಯನ್ನು ಶೆಲ್ಫಿನ ಕಡೆ ತಿರುಗಿಸಿ, ಹಿಂದೆ ಸರಿದು ಸಾರಿ ಅಂದು ಹೊರಡಿ. ಅಂಗಿ ಸರಿ ಮಾಡುದೆಲ್ಲ ಕಾರಲ್ಲಿ. ಒಂದು ಸೈಜ್ ದೊಡ್ಡ ಅಂಗಿ, ಗಟ್ಟಿ ಬೆಲ್ಟ್, ಪಿಸ್ತೂಲು ಇಡುವ ಒಳ್ಳೆ ಹೋಲ್‌ಸ್ಟರ್ ಮೊದಲೇ ಇದ್ದಿದ್ರೆ ನನಗೆ ಈ ಕಥೆ ಹೇಳ್ಲಿಕ್ಕೆ ಇರ್ತಿರ್ಲಿಲ್ಲ. ಬಾಗಿಲಲ್ಲಿ 30.06 ಅಂತ ಬೋರ್ಡ್ (ಅಡಗಿಸಿದ ಪಿಸ್ತೂಲು ಒಳಗೆ ಬೇಡ ಅಂತ), ಬಾರಲ್ಲಿ ಕೆಂಪಕ್ಷರದ 51 (ಅರ್ಧಕ್ಕಿಂತ ಹೆಚ್ಚು ಆದಾಯ ಮದ್ಯದ್ದೇ ಅನ್ನುವ ಗುರುತು) ಕಂಡ್ರೆ ಒಳಗೆ ತಗೊಂಡು ಹೋಗ್ಬೇಡಿ, ಪೋಸ್ಟ್ ಆಫೀಸಿಗಂತೂ ಬೇಡವೇ ಬೇಡ.

ಪೊಲೀಸ್ ನಿಲ್ಲಿಸಿದ್ರೆ ನಮ್ಮವರು ಮಾಡುವ ಎಡವಟ್ಟು ಒಂದೇ. ಇಲ್ಲಿ ಕುಂಬಳೆಯಲ್ಲಿ ಚೆಕಿಂಗ್ ಇದ್ರೆ ನಾವೇ ಇಳಿದು ಆರ್‌ಸಿ ಹಿಡ್ಕೊಂಡು ಜೀಪಿನ ಹತ್ರ ಓಡ್ತೇವೆ, ಅದು ಮರ್ಯಾದೆ. ಅಲ್ಲಿ ಕಾರಿಂದ ಇಳಿದ್ರೆ ಪೊಲೀಸಿಗೆ ಹೆದರಿಕೆ ಶುರು. ಕೂತಲ್ಲೇ ಕೂತ್ಕೊಳ್ಳಿ, ರಾತ್ರಿ ಆದ್ರೆ ಒಳಗಿನ ಲೈಟ್ ಹಾಕಿ, ಎರಡೂ ಕೈ ಸ್ಟೀರಿಂಗ್ ಮೇಲೆ. ಐಡಿ ಕೇಳಿದಾಗ, ಲೈಸನ್ಸ್ ಟು ಕ್ಯಾರಿ (ಹ್ಯಾಂಡ್‌ಗನ್ ಇಟ್ಕೊಂಡು ತಿರುಗುವ ಲೈಸನ್ಸ್) ಇದ್ದು ಪಿಸ್ತೂಲೂ ಜೊತೆಗಿದ್ರೆ ಆ ಕಾರ್ಡನ್ನೂ ತೋರಿಸ್ಬೇಕು, ಅದು ಟೆಕ್ಸಾಸಿನ ನಿಯಮ. ಗನ್ ಅನ್ನುವ ಶಬ್ದದಿಂದ ಮಾತು ಶುರು ಮಾಡ್ಬೇಡಿ, "ಆಫೀಸರ್, ಐ ಹ್ಯಾವ್ ಎ ಲೈಸನ್ಸ್ ಟು ಕ್ಯಾರಿ, ಹೌ ವುಡ್ ಯೂ ಲೈಕ್ ಮಿ ಟು ಪ್ರೊಸೀಡ್" (ನನ್ನ ಹತ್ರ ಲೈಸನ್ಸ್ ಉಂಟು, ಈಗ ನಾನು ಎಂತ ಮಾಡ್ಬೇಕು) ಅಂತ ಮೆಲ್ಲ ಹೇಳಿ, ಅವನು ಹೇಳಿದ ಮೇಲೆ ಪರ್ಸಿಗೆ ಕೈ ಹಾಕಿ. ಪರ್ಸೂ ಪಿಸ್ತೂಲೂ ಒಂದೇ ಬದಿ ಬೇಡ. ಪಕ್ಕದಲ್ಲಿ ಊರಿಂದ ಬಂದ ಅಮ್ಮ ಕೂತು "ಎಂತಾಯ್ತು ಮಗಾ, ಎಂತಾಯ್ತು" ಅಂತ ಶುರು ಮಾಡ್ತಾರೆ, ನೀವು ಗಾಬರಿಯಲ್ಲಿ ತುಳುವೋ ಕನ್ನಡವೋ ಜೋರಾಗಿ ಉತ್ತರ ಕೊಡ್ತೀರಿ. ಕಾಸರಗೋಡಲ್ಲಿ ಒಂದೇ ಬಸ್ಸಲ್ಲಿ ನಾಲ್ಕು ಭಾಷೆ ಕೇಳಿದ್ರೂ ಯಾರೂ ತಿರುಗಿ ನೋಡುದಿಲ್ಲ, ಆದ್ರೆ ಆ ಪೊಲೀಸಿಗೆ ಇಬ್ರು ಎಂತದೋ ಸಂಚು ಮಾಡಿದ ಹಾಗೆ ಕೇಳ್ತದೆ. ಅಮ್ಮನಿಗೆ ಮನೆಯಲ್ಲೇ ಹೇಳಿ ಇಡಿ.

ಮತ್ತೆ ಪಾರ್ಕಿಂಗ್ ಜಗಳ, ಹಾರನ್ ಜಗಳ. ನಾವು ಮಕ್ಕಳಿಗೂ "ಕೊಂದು ಹಾಕ್ತೇನೆ ನೋಡು" ಅಂತ ನಗ್ತಾ ಹೇಳುವವರು, ಅದನ್ನೇ ಇಂಗ್ಲಿಷಲ್ಲಿ, ಸೊಂಟದಲ್ಲಿ ಪಿಸ್ತೂಲು ಇಟ್ಕೊಂಡು ಹೇಳಿದ್ರೆ ಕೋರ್ಟಲ್ಲಿ ನಗುವವರು ಇಲ್ಲ. ಎದುರಿನವ ಏನು ಬೈದ್ರೂ, ನಿನ್ನ ದೇಶಕ್ಕೆ ಹೋಗು ಅಂದ್ರೂ, ಅಂಗಿ ಎತ್ತಿ ತೋರಿಸಿ ಹೆದರಿಸುದು ಬೇಡ, ಸುಮ್ಮನೆ ಜನರನ್ನು ಹೆದರಿಸ್ಲಿಕ್ಕೆ ತೋರಿಸಿದ್ರೂ ಅದು ಅಪರಾಧ. ಕಾರು ಹತ್ತಿ ಹೋಗಿ. ಅವನು ಹಿಂದೆ ಬಂದ್ರೆ ಅಲ್ಲಿಯ ತುರ್ತು ನಂಬರ್ 911ಕ್ಕೆ ನೀವೇ ಮೊದಲು ಫೋನ್ ಮಾಡಿ, ಅವನ ಕಥೆ ಮೊದಲು ಮುಟ್ಟಿದ್ರೆ ಬರುವವರು ಹುಡುಕುದು ನಿಮ್ಮನ್ನು.

ಯಾರದಾದ್ರೂ ಮನೆ ಸತ್ಯನಾರಾಯಣ ಪೂಜೆಗೆ ಇಟ್ಕೊಂಡು ಹೋಗ್ಬಹುದಾ ಅಂತಲೂ ಕೇಳ್ತಾರೆ, ಕಾನೂನು ಬಿಡಿ, ಉದ್ದಂಡ ನಮಸ್ಕಾರ ಹಾಕ್ಲಿಕ್ಕಿಲ್ವಾ?

ಊರಿಗೆ ಬರುವಾಗ ಇನ್ನೊಂದು. ಶೂಟಿಂಗ್ ರೇಂಜಿಗೆ ತಗೊಂಡು ಹೋದ ಬ್ಯಾಗಿನ ಮೂಲೆಯಲ್ಲಿ ಒಂದು ಗುಂಡು ಉಳಿದ್ರೆ ಸಾಕು, ಹಿಂದೆ ಹೋಗುವಾಗ ಮಂಗಳೂರು ಏರ್‌ಪೋರ್ಟಿನ ಸ್ಕ್ಯಾನರಲ್ಲಿ ಕಾಣ್ತದೆ, ಮತ್ತೆ 1959ರ ಆಯುಧ ಕಾಯ್ದೆ, ಸ್ಟೇಷನು, ವಕೀಲ, ವಿಮಾನ ಹೋಯ್ತು. ನನ್ನ ರೇಂಜಿನ ಬ್ಯಾಗ್ ಅಲ್ಲಿಯೇ ಗ್ಯಾರೇಜಲ್ಲಿ ಉಂಟು, ಅದರಲ್ಲಿ ಉಪ್ಪಿನಕಾಯಿ ತರ್ಲಿಕ್ಕೂ ಬಿಡುದಿಲ್ಲ ನಾನು.