ನರ್ಸರಿ ಕೆಲಸ ಕಲಿಯಲು ಹೊರಟವರಿಗೆ ಒಂದು ಮಾತು

ನಮ್ಮ ಕೊಡಗಿನಲ್ಲಿ ಕಾಫಿ ನರ್ಸರಿಗೆ ಅಪ್ರೆಂಟಿಸ್ ಆಗಿ ಸೇರುವುದಾದರೆ ಡಿಸೆಂಬರ್‌ನಲ್ಲೇ ಸೇರಿ. ಜೂನ್‌ನಲ್ಲಿ ಹೋದರೆ ಗಿಡ ಹೊತ್ತು ಜೀಪಿಗೆ ತುಂಬುವುದನ್ನಷ್ಟೇ ಕಲಿಯುತ್ತೀರಿ. ಬೀಜ ಹಾಕುವ ಕಾಲ ಡಿಸೆಂಬರ್, ಜನವರಿ. ಏರುಮಡಿಯಲ್ಲಿ ಬೀಜದ ಚಪ್ಪಟೆ ಬದಿ ಕೆಳಗಿರಬೇಕು, ಮೇಲೆ ತೆಳುವಾಗಿ ಮಣ್ಣು, ಅದರ ಮೇಲೆ ಭತ್ತದ ಹುಲ್ಲು. ಸುಮಾರು 45 ದಿನಗಳಲ್ಲಿ ಮೊಳಕೆ ಬೀಜವನ್ನೇ ಟೋಪಿಯಂತೆ ಹೊತ್ತು ಏಳುತ್ತದೆ. ಆಗ ಕಿತ್ತು ಪಾಲಿಥೀನ್ ಚೀಲಕ್ಕೆ ನೆಡುವುದೇ ನಿಜವಾದ ಕಸುಬು. ತಾಯಿಬೇರು ಒಳಗೆ ಮಡಚಿಕೊಂಡರೆ ಗಿಡ ತೋಟದಲ್ಲಿ ಎಂದೂ ಸುಧಾರಿಸುವುದಿಲ್ಲ. ನಾನು ಮೊದಲ ವಾರ ನೆಟ್ಟದ್ದನ್ನೆಲ್ಲ ಮೇಸ್ತ್ರಿ ಕಿತ್ತು ತೋರಿಸಿದರು. ಅವಮಾನವಾಯಿತು, ಆದರೆ ಕೈ ಪಳಗಿದ್ದು ಅಲ್ಲಿಂದಲೇ. ಚೀಲಕ್ಕೆ ಆರು ಪಾಲು ಕಾಡುಮಣ್ಣು, ಎರಡು ಪಾಲು ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು. ಜರಡಿ ಹಿಡಿಯಲು ಬೇಸರಪಡಬೇಡಿ.

ಸೇರುವ ಮೊದಲು ಒಪ್ಪಂದ ಪತ್ರ ಕೇಳಿ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಸೇರಿದವರಿಗೆ ಸ್ಟೈಪೆಂಡ್ ಕೊಡಲೇಬೇಕು. ‘ಕಲಿಯುವವನಿಗೆ ಊಟ ಸಾಕು’ ಎನ್ನುವ ಮಾಲೀಕರೂ ಇದ್ದಾರೆ, ಅಲ್ಲಿಗೆ ಹೋಗಬೇಡಿ. ಕರಿಮೆಣಸಿನ ಬಳ್ಳಿ ಕತ್ತರಿಸಿ ಬೇರು ಬರಿಸುವುದನ್ನೂ ಕಲಿಸುತ್ತಾರೆಯೇ ಎಂದು ವಿಚಾರಿಸಿ. ಅಪ್ಪಂಗಳದಲ್ಲಿ ಸಂಬಾರ ಬೆಳೆಗಳ ಸಂಶೋಧನಾ ಕೇಂದ್ರ, ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ ಇವೆ. ಬಿಡುವಿನಲ್ಲಿ ಹೋಗಿ ಬನ್ನಿ.