ಮೊದಲು ಮಂಡಿ, ಆಮೇಲೆ ಮ್ಯಾಪು: ಮೂರು ತಲೆಮಾರಿನ ಜೊತೆ ಫ್ರಾನ್ಸ್ ಪ್ರವಾಸ

ಹಿರಿಯರನ್ನೂ ಮಕ್ಕಳನ್ನೂ ಒಟ್ಟಿಗೆ ಕಟ್ಟಿಕೊಂಡು ಫ್ರಾನ್ಸಿಗೆ ಹೊರಡುವವರು ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಯಾರ ಮಂಡಿ ಎಷ್ಟು ಮೆಟ್ಟಿಲು ತಡೆಯುತ್ತದೆ, ಯಾರು ಹೊರಗಿನ ಅಡುಗೆ ಮುಟ್ಟುವುದಿಲ್ಲ, ಯಾರಿಗೆ ಪದೇ ಪದೇ ಶೌಚಾಲಯ ಬೇಕು, ಯಾವ ಮಗು ಮಧ್ಯಾಹ್ನ ಮಲಗದಿದ್ದರೆ ಸಂಜೆ ರಂಪ ಮಾಡುತ್ತದೆ ಎಂಬುದನ್ನೆಲ್ಲ ಬರೆಯಿರಿ. ಪ್ಯಾರಿಸ್ಸಿನ ಚಿತ್ರಗಳನ್ನು ಆಮೇಲೆ ನೋಡಿದರಾಯಿತು. ವಾರದಲ್ಲಿ ಐದಾರು ಊರು ತೋರಿಸುವ ಪ್ಯಾಕೇಜುಗಳು ಗಟ್ಟಿ ಕಾಲಿನವರಿಗಾಗಿ ಮಾಡಿದವು. ಅವುಗಳಲ್ಲಿ ಅತ್ತೆ ಮಾವಂದಿರು ನೋಡುವುದು ಬಸ್ಸಿನ ಕಿಟಕಿಯನ್ನು ಮಾತ್ರ.

ನಮ್ಮ ಮನೆ ಮೈಸೂರಿನ ಸರಸ್ವತಿಪುರಂನಲ್ಲಿ, ಯಜಮಾನರ ಮೂಲ ಪಾಂಡವಪುರದ ಕಡೆ. ಹಳಬರು ಆ ಊರನ್ನು ಫ್ರೆಂಚ್ ರಾಕ್ಸ್ ಎನ್ನುತ್ತಿದ್ದರು. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಫ್ರೆಂಚ್ ಪಡೆ ಅಲ್ಲಿ ಬೀಡುಬಿಟ್ಟಿತ್ತು. "ಅವರು ನಮ್ಮೂರಿಗೆ ಬಂದು ಹೋಗಿದ್ದಾರೆ, ನಾವೂ ಒಂದು ಸಲ ಹೋಗಿ ಬರುವುದು ಮರ್ಯಾದೆ" ಎಂದು ಮಾವನವರು ಹೇಳಿದ ಮೇಲೆ ಮನೆಯಲ್ಲಿ ಯಾರೂ ಎದುರು ಮಾತಾಡಲಿಲ್ಲ. ಮಾವನವರು ಕಬ್ಬು ಭತ್ತ ಬೆಳೆದವರು. ಅತ್ತೆಗೆ ಸಕ್ಕರೆ ಕಾಯಿಲೆ, ಜೊತೆಗೆ ಮಂಡಿ ನೋವು. ಮೈದುನ, ಓರಗಿತ್ತಿ ಮತ್ತು ಮಕ್ಕಳು ಸೇರಿದರೆ ನಾವು ಎಂಟು ಜನ. ಏರ್ಪಾಟಿನ ಕೆಲಸ ಹಿರಿಯ ಸೊಸೆಯ ತಲೆಗೆ ಬರುವುದು ನಮ್ಮಲ್ಲಿ ಹೊಸದೇನಲ್ಲ.

ಕಾಲದ ವಿಷಯದಲ್ಲಿ ನಾವು ಅದೃಷ್ಟವಂತರು. ನಮ್ಮ ಮಕ್ಕಳಿಗೆ ಬೇಸಿಗೆ ರಜೆ ಏಪ್ರಿಲ್ ಮತ್ತು ಮೇ, ಅಲ್ಲಿನವರಿಗೆ ಜುಲೈ ಮತ್ತು ಆಗಸ್ಟ್. ಅವರು ರಜೆಗೆ ಹೊರಡುವ ಮೊದಲೇ ನಾವು ನೋಡಿಕೊಂಡು ಬಂದರೆ ಬಾಡಿಗೆಯೂ ಕಡಿಮೆ, ಸಾಲೂ ಚಿಕ್ಕದು. ಏಪ್ರಿಲ್ ಬೇಡ, ಮೇ ತಿಂಗಳನ್ನೇ ಆರಿಸಿ. ಮೇ 1ರಂದು ಬಹುಪಾಲು ಎಲ್ಲವೂ ಮುಚ್ಚಿರುತ್ತದೆ, ಮೇ 8 ಕೂಡ ಸರ್ಕಾರಿ ರಜೆ. ಈಸ್ಟರ್ ಲೆಕ್ಕದಿಂದ ಬರುವ ಗುರುವಾರದ ಇನ್ನೊಂದು ಹಬ್ಬವಿದೆ. ಅದಕ್ಕೆ ಶುಕ್ರವಾರವನ್ನೂ ಸೇರಿಸಿಕೊಂಡು ಫ್ರೆಂಚರು ಊರು ಬಿಡುತ್ತಾರೆ. ಆ ನಾಲ್ಕು ದಿನ ರೈಲು, ಮನೆ ಎರಡೂ ತುಂಬಿರುತ್ತವೆ. ಕ್ಯಾಲೆಂಡರಿನಲ್ಲಿ ಅವನ್ನು ಗುರುತು ಮಾಡಿಕೊಂಡೇ ಟಿಕೆಟ್ ನೋಡಿ. ಬೇಸಿಗೆ ಎಂದ ಮಾತ್ರಕ್ಕೆ ಹತ್ತಿ ಸೀರೆಗಳನ್ನೇ ತುಂಬಬೇಡಿ. ಮೇ ತಿಂಗಳ ಪ್ಯಾರಿಸ್ಸಿನಲ್ಲಿ ಮಧ್ಯಾಹ್ನ ಇಪ್ಪತ್ತು ಡಿಗ್ರಿಯ ಆಸುಪಾಸು, ಬೆಳಗ್ಗೆ ಹತ್ತು. ಮಾವನವರ ಮಫ್ಲರಿಗೆ ಅಲ್ಲಿ ಪೂರ್ತಿ ಕೆಲಸವಿದೆ.

ಕಾಗದಪತ್ರಗಳನ್ನು ಆರು ತಿಂಗಳು ಮುಂಚೆ ಹರಡಿಕೊಳ್ಳಿ. ಪಾಸ್‌ಪೋರ್ಟಿಗೆ ಬೆಂಗಳೂರಿಗೆ ಓಡಬೇಕಾಗಿಲ್ಲ; 2017ರಿಂದ ಮೈಸೂರಿನಲ್ಲೇ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ. ಹಿರಿಯರ ಹೆಸರಿನ ಇನಿಷಿಯಲ್ ಬಿಡಿಸಿ ಬರೆದದ್ದು ಪಾಸ್‌ಪೋರ್ಟ್, ವೀಸಾ ಅರ್ಜಿ, ವಿಮಾನದ ಟಿಕೆಟ್ ಮೂರರಲ್ಲೂ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾದ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳಿಗಿಂತ ಮೊದಲು ಹಾಕಲಾಗದು, ಹದಿನೈದು ದಿನ ಉಳಿದ ಮೇಲೆ ಹಾಕುವುದೂ ಸಲ್ಲದು. ಶುಲ್ಕ ದೊಡ್ಡವರಿಗೆ 90 ಯೂರೋ, ಆರರಿಂದ ಹನ್ನೆರಡರೊಳಗಿನವರಿಗೆ 45, ಆರು ತುಂಬದವರಿಗೆ ಇಲ್ಲ. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಬೆರಳಚ್ಚು ಕೊಡಲು ಅಜ್ಜ ಅಜ್ಜಿಯರೂ ಬೆಂಗಳೂರಿಗೆ ಹೋಗಲೇಬೇಕು, ಹನ್ನೆರಡು ತುಂಬದ ಮಕ್ಕಳಿಗೆ ಬೆರಳಚ್ಚಿನ ವಿನಾಯಿತಿ ಇದೆ. ಎಲ್ಲರಿಗೂ ಒಂದೇ ದಿನದ ಸಮಯ ಗೊತ್ತುಮಾಡಿಕೊಳ್ಳಿ. ಹಿರಿಯರ ಖರ್ಚನ್ನು ಮಗ ನೋಡಿಕೊಳ್ಳುವುದಾದರೆ ಅವನ ಪತ್ರ, ಅವನ ಬ್ಯಾಂಕ್ ವಿವರ, ಸಂಬಂಧ ತೋರಿಸುವ ದಾಖಲೆ ಒಂದೇ ಕಡೆ ಇರಲಿ.

ವಿಮೆಯ ಕಾಗದವನ್ನು ಮಾತ್ರ ಓದದೆ ಸಹಿ ಮಾಡಬೇಡಿ. ಕನಿಷ್ಠ 30,000 ಯೂರೋ ವೈದ್ಯಕೀಯ ರಕ್ಷಣೆ ಇರಬೇಕೆಂಬುದು ವೀಸಾದ ನಿಯಮ. ಆ ಮೊತ್ತಕ್ಕೆ ಅಗ್ಗದ ಪಾಲಿಸಿ ಬೇಕಾದಷ್ಟು ಸಿಗುತ್ತವೆ. ಆದರೆ ಮೊದಲೇ ಇರುವ ಬಿಪಿ, ಸಕ್ಕರೆ ಕಾಯಿಲೆಯಿಂದ ತೊಂದರೆಯಾದರೆ ಹಣ ಕೊಡುವುದಿಲ್ಲ ಎಂಬ ಸಾಲು ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಕೂತಿರುತ್ತದೆ. ಎಪ್ಪತ್ತು ದಾಟಿದವರಿಗೆ ಆ ಸಾಲಿಲ್ಲದ ಪಾಲಿಸಿಗೆ ಹೆಚ್ಚು ಹಣ ಹೋದರೂ ಹೋಗಲಿ. ಮಾತ್ರೆಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ, ಜೊತೆಗೆ ಔಷಧದ ಮೂಲ ಹೆಸರು ಬರೆಸಿದ ವೈದ್ಯರ ಚೀಟಿಯೂ ಇರಲಿ. ಅಲ್ಲಿ ಔಷಧದಂಗಡಿಯ ಗುರುತು ಹಸಿರು ಶಿಲುಬೆ, ತುರ್ತು ದೂರವಾಣಿ 112.

ಬೆಂಗಳೂರಿನಿಂದ ಪ್ಯಾರಿಸ್ಸಿಗೆ ನೇರ ವಿಮಾನವಿದೆ. ನಡುವೆ ಇಳಿದು ಹತ್ತುವ ಟಿಕೆಟ್ಟಿನಲ್ಲಿ ಉಳಿಯುವ ಹಣಕ್ಕಾಗಿ ಹಿರಿಯರನ್ನು ನಡುರಾತ್ರಿ ಇನ್ನೊಂದು ನಿಲ್ದಾಣದಲ್ಲಿ ನಡೆಸುವುದು ನನಗೆ ಒಪ್ಪಿಗೆಯಿಲ್ಲ. ಗಾಲಿಕುರ್ಚಿಯ ನೆರವನ್ನು ಕನಿಷ್ಠ 48 ಗಂಟೆ ಮುಂಚೆ ಕೇಳಿಕೊಳ್ಳಿ, ಅದಕ್ಕೆ ಹಣವಿಲ್ಲ. "ನನಗೇನಾಗಿದೆ, ಕುರ್ಚಿ ಯಾಕೆ" ಎಂದು ಮಾವನವರು ಸಿಟ್ಟಾದಾಗ ನಾನು ವಾದ ಮಾಡಲಿಲ್ಲ. "ಕುರ್ಚಿ ಇರುವವರಿಗೆ ಬೇರೆ ಸಾಲಂತೆ ಮಾವ" ಎಂದೆ. ಕೂತುಬಿಟ್ಟರು.

ಇನ್ನು ಎಲ್ಲಿ ತಂಗುವುದು. ಪ್ಯಾರಿಸ್ಸಿಗೆ ಮೂರು ನಾಲ್ಕು ದಿನ, ಹಳ್ಳಿಯ ಕಡೆ ಒಂದೇ ಮನೆಯಲ್ಲಿ ಒಂದು ವಾರ. ಇದಕ್ಕಿಂತ ಹೆಚ್ಚು ಸಲ ಪೆಟ್ಟಿಗೆ ಕಟ್ಟಿ ಬಿಚ್ಚಬಾರದು. ಪ್ಯಾರಿಸ್ಸಿನ ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಇರುವುದಿಲ್ಲ, ಇದ್ದರೂ ಕೆಲವು ಕಡೆ ನಮ್ಮ ದೇವರ ಗೂಡಿನಷ್ಟೇ ಇರುತ್ತದೆ. ಮನೆಯ ವಿವರದಲ್ಲಿ ಲಿಫ್ಟಿನ ಬಗ್ಗೆ ಬರೆದಿಲ್ಲವೆಂದರೆ ಇಲ್ಲವೆಂದೇ ತಿಳಿಯಿರಿ. ಬಚ್ಚಲ ಚಿತ್ರವನ್ನು ದೊಡ್ಡದು ಮಾಡಿ ನೋಡಿ. ತೊಟ್ಟಿಯ ಅಂಚು ದಾಟಿ ಒಳಗಿಳಿದು ಸ್ನಾನ ಮಾಡಬೇಕಾದ ಮನೆ ಮಂಡಿ ನೋವಿನವರಿಗೆ ಬೇಡವೇ ಬೇಡ. ನೆಲಮಟ್ಟದ ಷವರ್ ಇರುವುದನ್ನೇ ಹುಡುಕಿ. ಶೌಚಾಲಯದಲ್ಲಿ ನೀರಿನ ಪೈಪು ಇರುವುದಿಲ್ಲವಾದ್ದರಿಂದ ಪ್ಲಾಸ್ಟಿಕ್ ಮಗ್ ಒಂದನ್ನು ಪೆಟ್ಟಿಗೆಗೆ ಹಾಕಿ. ಅದನ್ನು ನೋಡಿ ನಕ್ಕ ಮಕ್ಕಳೇ ಮೊದಲ ದಿನ ಅದಕ್ಕಾಗಿ ಹುಡುಕಾಡುತ್ತಾರೆ.

ಪ್ಯಾರಿಸ್ ಮೆಟ್ರೋವನ್ನು ಎಲ್ಲರೂ ಹೊಗಳುತ್ತಾರೆ. ಬಹುತೇಕ ನಿಲ್ದಾಣಗಳಲ್ಲಿ ಲಿಫ್ಟ್ ಇಲ್ಲ ಎಂಬುದನ್ನು ಹೊಗಳುವವರು ಹೇಳುವುದಿಲ್ಲ. 14ನೇ ಮಾರ್ಗ ಮಾತ್ರ ಪೂರ್ತಿ ಮೆಟ್ಟಿಲಿಲ್ಲದೆ ಓಡಾಡುವಂಥದ್ದು. ಹಿರಿಯರಿಗೆ ಬಸ್ಸೇ ಸರಿ. 69ನೇ ಸಂಖ್ಯೆಯ ಬಸ್ಸು ಐಫೆಲ್ ಗೋಪುರದ ಬಳಿಯಿಂದ ಹೊರಟು ಓರ್ಸೆ ಮತ್ತು ಲೂವ್ರ್ ವಸ್ತುಸಂಗ್ರಹಾಲಯಗಳ ಹತ್ತಿರ ಹಾದು ಬಾಸ್ತಿಯ್ ಕಡೆ ಹೋಗುತ್ತದೆ. ಬಸ್ ಟಿಕೆಟ್ಟಿನಲ್ಲೇ ಅರ್ಧ ಪ್ಯಾರಿಸ್ ಕೂತಲ್ಲೇ ಆಗುತ್ತದೆ. ಸೇನ್ ನದಿಯ ಒಂದು ಗಂಟೆಯ ದೋಣಿ ವಿಹಾರದ ಬಗ್ಗೆ ಮೊಮ್ಮಗಳಿಗೂ ಅಜ್ಜಿಗೂ ಒಂದೇ ಅಭಿಪ್ರಾಯವಿತ್ತು. ಅಂಥದ್ದು ಪ್ರವಾಸದಲ್ಲಿ ಅಪರೂಪ.

ಲೂವ್ರ್ ಮಂಗಳವಾರ ಮುಚ್ಚಿರುತ್ತದೆ. ಓರ್ಸೆ ಮತ್ತು ವರ್ಸೈ ಅರಮನೆ ಸೋಮವಾರ. ಮೂರರಲ್ಲೂ ಹದಿನೆಂಟು ತುಂಬದವರಿಗೆ ಪ್ರವೇಶ ಉಚಿತ, ಮಕ್ಕಳ ದಂಡು ಇರುವವರಿಗೆ ಇದು ಸಣ್ಣ ಉಳಿತಾಯವಲ್ಲ. ಲೂವ್ರ್‌ಗೆ ಗಂಟೆ ಗೊತ್ತುಮಾಡಿದ ಟಿಕೆಟ್ ಮೊದಲೇ ತೆಗೆದಿಡಿ. ಎಲ್ಲರೂ ಎಲ್ಲ ಕಡೆ ಹೋಗಬೇಕೆಂಬ ಹಟ ಮಾತ್ರ ಬೇಡ. ಮೋನಾಲಿಸಾ ಮುಂದಿನ ನೂಕುನುಗ್ಗಲಿಗೆ ಹರೆಯದವರು ಹೋಗಲಿ. ಹಿರಿಯರಿಗೆ ಓರ್ಸೆ ಹಿಡಿಸುತ್ತದೆ: 1900ರ ವಿಶ್ವ ಪ್ರದರ್ಶನಕ್ಕಾಗಿ ಕಟ್ಟಿದ ರೈಲು ನಿಲ್ದಾಣ, 1986ರಿಂದ ವಸ್ತುಸಂಗ್ರಹಾಲಯ, ಬೆಳಕಿದೆ, ಗೋಡೆಗೆ ಭಾರಿ ಗಡಿಯಾರವಿದೆ. ವರ್ಸೈಗೆ ಹೊರಡುವ ಮುನ್ನ ಮಕ್ಕಳನ್ನು ಒಂದು ಭಾನುವಾರ ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಕರೆದುಕೊಂಡು ಹೋಗಿ, ಗೋಡೆಯ ಯುದ್ಧಚಿತ್ರದಲ್ಲಿ ಫ್ರೆಂಚ್ ಸೈನಿಕರನ್ನು ಹುಡುಕಿಸಿ. ಟಿಪ್ಪು ಕಳುಹಿಸಿದ ಮೂವರು ರಾಯಭಾರಿಗಳು ಇಂಗ್ಲಿಷರ ವಿರುದ್ಧ ನೆರವು ಕೇಳಲು 1788ರ ಆಗಸ್ಟಿನಲ್ಲಿ ಇದೇ ವರ್ಸೈನಲ್ಲಿ ಹದಿನಾರನೇ ಲೂಯಿಯ ಮುಂದೆ ನಿಂತಿದ್ದರು. ರಾಜ ಸತ್ಕಾರ ಮಾಡಿದ, ಉಡುಗೊರೆ ಕೊಟ್ಟ, ಸೈನ್ಯ ಕೊಡಲಿಲ್ಲ. ಬೊಕ್ಕಸ ಬರಿದಾಗಿತ್ತು, ಮರುವರ್ಷ ಕ್ರಾಂತಿ. ಇಷ್ಟು ಗೊತ್ತಿದ್ದರೆ ಆ ಅರಮನೆಯಲ್ಲಿ ಮಕ್ಕಳು ಮೊಬೈಲ್ ತೆಗೆಯುವುದು ಸ್ವಲ್ಪ ತಡವಾಗುತ್ತದೆ.

ಹಳ್ಳಿಯ ವಾರಕ್ಕೆ ನಾನು ಆರಿಸಿದ್ದು ಲುವಾರ್ ನದಿಯ ಬಯಲು, ತೂರ್ ಮತ್ತು ಆಂಬ್ವಾಸ್ ಊರುಗಳ ಸುತ್ತ. ಪ್ಯಾರಿಸ್ಸಿನ ಮೊಂಪಾರ್ನಾಸ್ ನಿಲ್ದಾಣದಿಂದ ವೇಗದ ರೈಲಿನಲ್ಲಿ ತೂರ್ ಹತ್ತಿರಕ್ಕೆ ಒಂದು ಗಂಟೆಯ ದಾರಿ. ಹಳ್ಳಿಮನೆಗಳನ್ನು ಅಲ್ಲಿ ಜೀತ್ ಎನ್ನುತ್ತಾರೆ; ಸಾಮಾನ್ಯವಾಗಿ ಶನಿವಾರದಿಂದ ಶನಿವಾರಕ್ಕೆ ಬಾಡಿಗೆ ಕೊಡುತ್ತಾರೆ, ವಿಮಾನದ ದಿನಗಳನ್ನು ಅದಕ್ಕೆ ಹೊಂದಿಸಿ. ಓಡಾಟಕ್ಕೆ ಚಾಲಕ ಸೇರಿ ಒಂಬತ್ತು ಆಸನದ ವ್ಯಾನನ್ನು ಕಾರಿನ ಲೈಸೆನ್ಸಿನಲ್ಲೇ ಓಡಿಸಬಹುದು. ಮೈಸೂರಿನ ಆರ್‌ಟಿಒದಲ್ಲಿ ಅಂತಾರಾಷ್ಟ್ರೀಯ ಪರವಾನಗಿ ಮಾಡಿಸಿಕೊಂಡು ಹೋಗಿ. ಅಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸಬೇಕು, ಆದ್ದರಿಂದ ವಿಮಾನ ಇಳಿದ ದಿನವೇ ಸ್ಟಿಯರಿಂಗ್ ಹಿಡಿಯುವ ಶೌರ್ಯ ಯಾರಿಗೂ ಬೇಡ.

ಆ ಬಯಲಿನ ಕೋಟೆ ಅರಮನೆಗಳಲ್ಲಿ ದಿನಕ್ಕೊಂದು ಸಾಕು. ಶನೊನ್ಸೋ ಅರಮನೆ ಶೆರ್ ನದಿಯ ಮೇಲೆಯೇ ನಿಂತಿದೆ, ಅಲ್ಲಿಗೆ ಮರಗಳ ಸಾಲಿನ ನಡುವೆ ಸಮತಟ್ಟಾದ ದಾರಿ. ವಿಲಾಂದ್ರಿಯನ್ನು ಬಿಡಬೇಡಿ. ಅಲ್ಲಿನ ತೋಟದಲ್ಲಿ ಒಂದೇ ಅಳತೆಯ ಒಂಬತ್ತು ಚೌಕಗಳಿವೆ, ಒಂದೊಂದರಲ್ಲೂ ಒಂದೊಂದು ಬಗೆಯ ರಂಗೋಲಿ, ಎಲ್ಲವೂ ತರಕಾರಿಯಲ್ಲೇ ಬರೆದದ್ದು. ಮಾವನವರು ಎಲೆಕೋಸಿನ ಸಾಲಿನ ಮುಂದೆ ಬಗ್ಗಿ, ಗಿಡದಿಂದ ಗಿಡಕ್ಕೆ ಗೇಣು ಹಾಕಿ ಅಳೆದರು. ಮಣ್ಣನ್ನು ಚಿಟಿಕೆ ತೆಗೆದು ಉಜ್ಜಿದರು. "ಕಳೆ ಒಂದಿಲ್ಲವಲ್ಲ, ಇವರಿಗೆ ಆಳು ಎಲ್ಲಿ ಸಿಗುತ್ತಾರೆ" ಎಂದು ಕೇಳಿದರು. ಅರಮನೆಯ ಒಳಗೆ ಬರಲೇ ಇಲ್ಲ, ನಾವೂ ಕರೆಯಲಿಲ್ಲ.

ಊಟದ ಮಾತು ಉಳಿದಿದೆ, ಅರ್ಧ ಜಗಳಗಳು ಹುಟ್ಟುವುದು ಅಲ್ಲೇ. ಹಳ್ಳಿಯ ಹೋಟೆಲುಗಳು ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ, ರಾತ್ರಿ ಏಳು ಏಳೂವರೆಯ ನಂತರ ಮಾತ್ರ ಬಡಿಸುತ್ತವೆ. ನಡುವೆ ಹಸಿದರೆ ಬ್ರೆಡ್ಡು. ಹಾಗಾಗಿ ಮಧ್ಯಾಹ್ನ ಒಂದು ಊಟ ಹೊರಗೆ, ರಾತ್ರಿ ಮನೆಯಲ್ಲೇ ಅಡುಗೆ. ಅಲ್ಲಿ ಇಂಡಕ್ಷನ್ ಒಲೆಗಳೇ ಹೆಚ್ಚು, ಅವುಗಳ ಮೇಲೆ ನಮ್ಮ ಅಲ್ಯೂಮಿನಿಯಂ ಕುಕ್ಕರ್ ಕಾಯುವುದಿಲ್ಲ. ತಳಕ್ಕೆ ಫ್ರಿಜ್ಜಿನ ಅಯಸ್ಕಾಂತ ಹಿಡಿದು ನೋಡಿ, ಅಂಟಿದ್ದನ್ನೇ ಒಯ್ಯಿರಿ. ವಿದ್ಯುತ್ತು ನಮ್ಮಷ್ಟೇ, 230 ವೋಲ್ಟ್; ಮೂರು ಕಡ್ಡಿಯ ಮಿಕ್ಸಿ ಪ್ಲಗ್ಗಿಗೆ ಅಡಾಪ್ಟರ್ ಇದ್ದರೆ ಚಟ್ನಿಗೆ ತೊಂದರೆಯಿಲ್ಲ. ಫ್ರಾನ್ಸಿನ ಮನೆಗಳಲ್ಲಿ ಹೊಗೆ ಪತ್ತೆಯ ಗಂಟೆ ಕಡ್ಡಾಯ, ಅದು ಬೆಂಕಿಗೂ ಒಣಮೆಣಸಿನಕಾಯಿ ಒಗ್ಗರಣೆಗೂ ಭೇದ ಮಾಡುವುದಿಲ್ಲ. ಕಿಟಕಿ ತೆರೆದೇ ಸಾಸಿವೆ ಹಾಕಿ. ಊದಿನಕಡ್ಡಿಯನ್ನು ಜಗಲಿಯಲ್ಲಿ ಹಚ್ಚಿ. ಮೇ ತಿಂಗಳಲ್ಲಿ ಸೂರ್ಯ ಮುಳುಗುವುದು ಒಂಬತ್ತರ ಮೇಲೆ, ಆದ್ದರಿಂದ ದೀಪ ಹಚ್ಚುವ ಹೊತ್ತನ್ನು ಗಡಿಯಾರದಲ್ಲೇ ತೀರ್ಮಾನಿಸಿಕೊಳ್ಳಿ ಎಂದು ಅತ್ತೆಗೆ ಮೊದಲೇ ಹೇಳಿಟ್ಟೆ.

ರಾಗಿ ಹಿಟ್ಟು, ಅವಲಕ್ಕಿ, ಸಾರಿನ ಪುಡಿ ಧಾರಾಳವಾಗಿ ಒಯ್ಯಬಹುದು. ತುಪ್ಪ, ಪೇಡ ಮುಂತಾದ ಹಾಲಿನ ಪದಾರ್ಥಗಳಿಗೆ ಯುರೋಪ್ ಒಕ್ಕೂಟದಲ್ಲಿ ನಿಷೇಧವಿದೆ. ಹಸಿ ಕರಿಬೇವು, ವೀಳ್ಯದೆಲೆ, ಮಾವಿನಹಣ್ಣಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಬಾಳೆಹಣ್ಣು, ತೆಂಗಿನಕಾಯಿ, ಅನಾನಸ್, ಖರ್ಜೂರಕ್ಕೆ ಬೇಡ. ಅಂದರೆ ನಂಜನಗೂಡು ರಸಬಾಳೆ ಪ್ಯಾರಿಸ್ಸಿಗೆ ಹೋಗಬಹುದು, ಪೆಟ್ಟಿಗೆಯಲ್ಲಿ ಕರಗದೆ ಉಳಿದರೆ. ತುಪ್ಪಕ್ಕೆ ಚಿಂತೆ ಬೇಡ: ಉಪ್ಪು ಹಾಕದ ಫ್ರೆಂಚ್ ಬೆಣ್ಣೆ ತಂದು ಕಾಯಿಸಿ, ಅತ್ತೆ ಮನೆಯದಕ್ಕಿಂತ ಚೆನ್ನಾಗಿದೆ ಎಂದು ಒಪ್ಪಿಕೊಂಡದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಚೀಸಿನಲ್ಲಿ ಎಚ್ಚರ, ಹಲವು ಬಗೆಯವನ್ನು ಕರುವಿನ ಜಠರದ ರಸದಿಂದ ಹೆಪ್ಪುಗಟ್ಟಿಸುತ್ತಾರೆ. ಕಟ್ಟಾ ಸಸ್ಯಾಹಾರಿಗಳಿಗೆ ಮೊದಲೇ ತಿಳಿಸಿಬಿಡಿ. ಅಕ್ಕಿ, ಬೇಳೆ, ಕರಿಬೇವು ಬೇಕಾದರೆ ಪ್ಯಾರಿಸ್ಸಿನ ಲಾ ಶಪೆಲ್ ಬಡಾವಣೆಗೆ ಹೋಗಿ. ಶ್ರೀಲಂಕಾ ತಮಿಳರ ಅಂಗಡಿಗಳು ಸಾಲಾಗಿವೆ, ಇಡ್ಲಿ ಸಿಗುತ್ತದೆ, ನಡೆದು ಹೋಗುವಷ್ಟು ದೂರದಲ್ಲಿ ಗಣಪತಿ ದೇವಸ್ಥಾನವೂ ಇದೆ.

ಹಣದ ಮಾತನ್ನು ಮೈಸೂರಿನಲ್ಲೇ ಮುಗಿಸಿ. ಮನೆ, ವ್ಯಾನು, ದಿನಸಿ ಸಮಪಾಲು. ಅತ್ತೆ ಮಾವಂದಿರ ಟಿಕೆಟ್ ಗಂಡುಮಕ್ಕಳ ಪಾಲಿಗೆ. ಅವರವರ ಶಾಪಿಂಗ್ ಅವರವರದು. ಒಬ್ಬರು ಖರ್ಚು ಮಾಡಬೇಕು, ಇನ್ನೊಬ್ಬರು ಬರೆಯಬೇಕು. ಒಂದೇ ಅಂಗಡಿಯಲ್ಲಿ ನೂರು ಯೂರೋ ಮೀರಿ ಕೊಂಡರೆ ತೆರಿಗೆ ವಾಪಸಿನ ಕಾಗದ ಕೇಳಿ ಪಡೆಯಿರಿ. ಹೊರಡುವ ದಿನ ಪೆಟ್ಟಿಗೆ ಒಪ್ಪಿಸುವ ಮೊದಲೇ ವಿಮಾನ ನಿಲ್ದಾಣದ ಯಂತ್ರದಲ್ಲಿ ಅದಕ್ಕೆ ಮುದ್ರೆ ಹಾಕಿಸಬೇಕು. ಆ ಸಾಲು ಉದ್ದವಿರುತ್ತದೆ. ಮೈದುನನಂಥ ಉಂಡಾಡಿ ಯಾರಾದರೂ ಮನೆಯಲ್ಲಿದ್ದರೆ ಅವರನ್ನು ಅಲ್ಲಿ ನಿಲ್ಲಿಸಿ, ಹಿರಿಯರ ಗಾಲಿಕುರ್ಚಿಯ ವಿಚಾರಣೆಗೆ ನೀವು ಹೋಗಿ.